ಪಲ್ಟನ್ನಿಗೆ ಹೋದ ಮುತ್ತಜ್ಜನ ಜಾಡು

ಓದುಗರ ಪ್ರಶ್ನೆ, ಅಂಕಣದ ಉತ್ತರ

ಎರಡು ಮಹಾಯುದ್ಧಗಳಿಗೆ ಹೋದ ಮನೆಯ ಹಿರಿಯರ ಬಗ್ಗೆ ಕೇಳಿ ಬರೆದ ಪತ್ರಗಳು ಇತ್ತೀಚೆಗೆ ಒಂದರ ಮೇಲೊಂದು ಬರುತ್ತಿವೆ. ಅವುಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದೆ.

ಪ್ರಶ್ನೆ: ನಮ್ಮ ಮುತ್ತಜ್ಜ ಮೊದಲನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನಿಗೆ ಸೇರಿ ‘ಬಸ್ರಾ’ಕ್ಕೆ ಹೋದವರು ತಿರುಗಿ ಬರಲಿಲ್ಲವಂತೆ. ದೇವರ ಜಗುಲಿಯ ಮೇಲೆ ಅಂಗೈಯಗಲಕ್ಕಿಂತ ತುಸು ದೊಡ್ಡದಾದ ಕಂಚಿನ ಬಿಲ್ಲೆಯೊಂದೂ ಬೆಳ್ಳಿಯ ಪದಕವೊಂದೂ ಇವೆ. ಪ್ರತಿ ದಸರೆಗೆ ಅವುಗಳನ್ನು ತೊಳೆದು ಪೂಜೆ ಮಾಡುತ್ತೇವೆ. ಅವರು ಎಲ್ಲಿ, ಯಾವಾಗ ತೀರಿಕೊಂಡರೆಂದು ತಿಳಿಯಲು ಸಾಧ್ಯವೇ?
— ಬೈಲಹೊಂಗಲ ತಾಲ್ಲೂಕಿನ ಓದುಗರು

ಉತ್ತರ: ಸಾಧ್ಯವಿದೆ, ಮತ್ತು ಅರ್ಧ ಉತ್ತರ ನಿಮ್ಮ ಜಗುಲಿಯ ಮೇಲೆಯೇ ಇದೆ. ಸುಮಾರು 12 ಸೆಂಟಿಮೀಟರ್ ಅಗಲದ ಆ ಕಂಚಿನ ಬಿಲ್ಲೆ, ಯುದ್ಧದಲ್ಲಿ ಮಡಿದವರ ಹತ್ತಿರದ ಬಂಧುವಿಗೆ ಬ್ರಿಟಿಷ್ ಸರ್ಕಾರ ಕಳುಹಿಸುತ್ತಿದ್ದ ಸ್ಮರಣಫಲಕ. ಅದರ ಮೇಲಿರುವ ಹೆಂಗಸು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನು ಹೆಣ್ಣಾಗಿ ಚಿತ್ರಿಸಿದ ಸಂಕೇತ. ಅವಳ ಕೈಯಲ್ಲಿ ತ್ರಿಶೂಲವಿದೆ, ಪಕ್ಕದಲ್ಲಿ ಸಿಂಹವಿದೆ. ಹಾಗಾಗಿ ಅವಳನ್ನು ದೇವಿಯೆಂದೇ ತಿಳಿದು ಕುಂಕುಮ ಹಚ್ಚುತ್ತಿದ್ದ ಮನೆಯೊಂದನ್ನು ನಾನೂ ನೋಡಿದ್ದೇನೆ, ಅದನ್ನು ತಪ್ಪೆನ್ನುವ ಮನಸ್ಸು ನನಗೆ ಆಗಲಿಲ್ಲ. ಬಿಲ್ಲೆಯ ಮೇಲಿನ ಸಣ್ಣ ಚೌಕಟ್ಟಿನಲ್ಲಿ ಉಬ್ಬಕ್ಷರದಲ್ಲಿ ನಿಮ್ಮ ಮುತ್ತಜ್ಜನ ಹೆಸರು ಮಾತ್ರ ಇರುತ್ತದೆ. ತ್ಯಾಗದಲ್ಲಿ ಮೇಲು ಕೀಳು ಇಲ್ಲವೆಂದು ದರ್ಜೆಯನ್ನು ಬೇಕೆಂದೇ ಬಿಟ್ಟಿದ್ದಾರೆ. ಪಡೆಯ ಹೆಸರಾಗಲಿ ಸಂಖ್ಯೆಯಾಗಲಿ ಅದರಲ್ಲಿ ಸಿಗುವುದಿಲ್ಲ.

ಅವು ಸಿಗುವುದು ಬೆಳ್ಳಿಯ ಪದಕದಲ್ಲಿ. ಪದಕದ ಮುಖವನ್ನು ಬಿಟ್ಟು ಅದರ ಅಂಚನ್ನು, ಅಂದರೆ ನಾಣ್ಯವನ್ನು ನಿಲ್ಲಿಸಿದಾಗ ನೆಲಕ್ಕೆ ತಾಗುವ ಆ ಸಣ್ಣ ದಪ್ಪವನ್ನು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಸಂಖ್ಯೆ, ದರ್ಜೆ, ಹೆಸರು, ಪಡೆ ಈ ಕ್ರಮದಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಅಕ್ಷರ ಸವೆದಿದ್ದರೆ ತೆಳು ಕಾಗದವನ್ನು ಸುತ್ತಿ ಮೆತ್ತನೆಯ ಪೆನ್ಸಿಲ್ಲಿನಿಂದ ಉಜ್ಜಿದಾಗ ಮೂಡುವುದುಂಟು. ಒಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಮುಂದಿನ ದಸರೆಗೆ ಇವೆರಡಕ್ಕೂ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ನೂರು ವರ್ಷಗಳ ಹುಣಸೆಹಣ್ಣು ಎಷ್ಟೋ ಮನೆಗಳಲ್ಲಿ ಈ ಒಂದು ಸಾಲನ್ನು ಅಳಿಸಿಬಿಟ್ಟಿದೆ, ಮತ್ತು ಆ ಸಾಲು ಇನ್ನೆಲ್ಲಿಯೂ ಸಿಗದೆ ಹೋಗಬಹುದು.

ಆ ಸಾಲಿಗೆ ಇಷ್ಟು ಬೆಲೆ ಏಕೆಂದರೆ, ಸೈನ್ಯದ ದಫ್ತರಗಳನ್ನು ಮನುಷ್ಯರ ಹೆಸರಿನ ಮೇಲೆ ಜೋಡಿಸಿಲ್ಲ, ಪಡೆಗಳ ಹೆಸರಿನ ಮೇಲೆ ಜೋಡಿಸಿದೆ. ಅಜ್ಜನ ಹೆಸರನ್ನು ಹಿಡಿದು ಹೋದವರು ವರ್ಷಗಟ್ಟಲೆ ಅಲೆಯುತ್ತಾರೆ, ಪಲ್ಟನ್ನಿನ ಹೆಸರನ್ನು ಹಿಡಿದು ಹೋದವರಿಗೆ ಮೊದಲ ದಿನವೇ ಬಾಗಿಲು ತೆರೆಯುತ್ತದೆ. ಮರಾಠಾ ಪಲ್ಟನ್ ಎಂದರೂ ಸಾಲದು, ಯಾವ ಮರಾಠಾ ಎಂಬುದು ಬೇಕು. ಆ ಕಾಲದಲ್ಲಿ 103, 105, 110, 114, 116, 117 ಎಂಬ ಸಂಖ್ಯೆಗಳ ಬೇರೆ ಬೇರೆ ಮರಾಠಾ ಪಲ್ಟನ್ನುಗಳಿದ್ದವು. 1922ರಲ್ಲಿ ಸೈನ್ಯವನ್ನು ಮರುಜೋಡಿಸಿದಾಗ ಇವೆಲ್ಲ ಐದನೇ ಮರಾಠಾ ಲೈಟ್ ಇನ್ಫೆಂಟ್ರಿ ಎಂಬ ಒಂದೇ ರೆಜಿಮೆಂಟಿನ ಬಟಾಲಿಯನ್ನುಗಳಾದವು: 103 ಮೊದಲನೆಯದು, 105 ಎರಡನೆಯದು, 110 ಮೂರನೆಯದು. ಈಗ ಬೆಳಗಾವಿಯಲ್ಲಿರುವುದು ಆ ರೆಜಿಮೆಂಟಿನ ಕೇಂದ್ರವೇ. ಆದ್ದರಿಂದ ಮೊದಲ ಯುದ್ಧದ ಕಡತಗಳಲ್ಲಿ ಹುಡುಕುವಾಗ ಹಳೆಯ ಸಂಖ್ಯೆಯನ್ನೇ ಬಳಸಬೇಕು.

ಪಡೆ ತಿಳಿದ ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ. 1917ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಎರಡೂ ಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ಹೆಸರುಗಳನ್ನು ಕಾಯುತ್ತದೆ, ಹುಡುಕಾಟಕ್ಕೆ ಶುಲ್ಕವಿಲ್ಲ. ಮೊದಲ ಯುದ್ಧದ ಮಟ್ಟಿಗೆ ಅದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗಿನ ಸಾವುಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆದುದರಿಂದ ಯುದ್ಧ ಮುಗಿದ ಮೇಲೆ ಜ್ವರದಿಂದಲೋ ಗಾಯದಿಂದಲೋ ತೀರಿಕೊಂಡವರೂ ಅಲ್ಲಿ ಸಿಗುತ್ತಾರೆ. ಅನೇಕ ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ನಮೂದಾಗಿವೆ. ನಮ್ಮ ಹುಡುಕಾಟಕ್ಕೆ ನಿಜವಾದ ಕೈದೀಪ ಇದು, ಏಕೆಂದರೆ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಂಬುವಂತಿಲ್ಲ. ಯಲ್ಲಪ್ಪ ಎಂಬ ಹೆಸರು ‘ವೈ’ಯಿಂದಲೂ ಆರಂಭವಾಗಬಹುದು, ‘ಇ’ಯಿಂದಲೂ ಆಗಬಹುದು. ಕೊನೆಯ ‘ಪ್ಪ’ಕ್ಕೆ ‘ಪಿ’ ಒಂದೇ ಇರಬಹುದು, ಕನ್ನಡ ಬಾರದ ಗುಮಾಸ್ತ ಅದನ್ನು ಇನ್ನೇನೋ ಮಾಡಿರಬಹುದು. ನನ್ನ ಅಜ್ಜನ ಅಣ್ಣನನ್ನು ಒಂದು ವರ್ಷ ಹೆಸರಿನಿಂದ ಹುಡುಕಿ ಸೋತೆ. ಕೊನೆಗೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಪಡೆ ಮತ್ತು ಊರನ್ನು ಹಾಕಿದಾಗ ಮೂರನೆಯ ಸಾಲಿನಲ್ಲೇ ಇದ್ದರು.

ಊರಿನ ಹೆಸರಿನಲ್ಲೂ ಒಂದು ತೊಡಕಿದೆ. ಈಗಿನ ನಿಮ್ಮ ತಾಲ್ಲೂಕಿಗೆ ಆಗ ಸಂಪಗಾಂವ್ ತಾಲ್ಲೂಕು ಎಂಬ ಹೆಸರು, ಪಕ್ಕದ ಸವದತ್ತಿಗೆ ಪರಸಗಡ. ಜಿಲ್ಲೆ ‘ಬೆಲ್ಗಾಮ್’, ಪ್ರಾಂತ್ಯ ಮುಂಬಯಿ. ಬೈಲಹೊಂಗಲ ಎಂದು ಹುಡುಕಿ ಸಿಗದಿದ್ದರೆ ನಿರಾಶರಾಗದೆ ಸಂಪಗಾಂವ್ ಎಂದು ಹುಡುಕಿ.

‘ಬಸ್ರಾ’ ಎಂದು ಮನೆಯಲ್ಲಿ ಹೇಳುವುದು ಹೆಚ್ಚಾಗಿ ಇಡೀ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ. ಸಮಾಧಿ ತಿಳಿಯದವರ ಹೆಸರಿನಲ್ಲಿ ಅಲ್ಲಿ ಬಸ್ರಾ ಸ್ಮಾರಕವಿದೆ. 40 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸ್ಮರಿಸುವ ಆ ಸ್ಮಾರಕವನ್ನು 1997ರಲ್ಲಿ ನೌಕಾನೆಲೆಯಿಂದ ಕಿತ್ತು, ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ದೂರದ ಬಯಲಿನಲ್ಲಿ ಮರಳಿ ನಿಲ್ಲಿಸಿದರು. ಅದರ ಫೋಟೋಗಳಲ್ಲಿ ಮುತ್ತಜ್ಜನ ಹೆಸರನ್ನು ಹುಡುಕಬೇಡಿ. ಭಾರತೀಯ ಸಿಪಾಯಿಗಳ ಹೆಸರುಗಳನ್ನು ಆ ಕಲ್ಲಿನ ಮೇಲೆ ಕೆತ್ತಲಿಲ್ಲ, ಪಡೆಯ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆಯನ್ನು ಮಾತ್ರ ಕೆತ್ತಿದರು. ಹೆಸರುಗಳು ಪುಸ್ತಕಗಳಲ್ಲಿ ಉಳಿದವು. ಬಿಲ್ಲೆಯ ಮೇಲೆ ದರ್ಜೆಯನ್ನೂ ಬರೆಯದೆ ಸಮಾನತೆಯನ್ನು ಸಾರಿದ ಅದೇ ಸಾಮ್ರಾಜ್ಯ ಕಲ್ಲಿನ ಮೇಲೆ ಹೀಗೆ ಮಾಡಿತೆಂಬುದು ನನಗೆ ಇಂದಿಗೂ ನೋವು ಕೊಡುತ್ತದೆ. 2021ರ ಏಪ್ರಿಲಿನಲ್ಲಿ ಕಮಿಷನ್ನೇ ಪ್ರಕಟಿಸಿದ ವರದಿಯಲ್ಲಿ, ಮುಖ್ಯವಾಗಿ ಭಾರತ, ಆಫ್ರಿಕಾ ಮತ್ತು ಈಜಿಪ್ಟಿನ 45 ಸಾವಿರದಿಂದ 54 ಸಾವಿರ ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆಯೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ನಿಮ್ಮ ಮುತ್ತಜ್ಜನ ಹೆಸರು ಅಂತರಜಾಲದ ಪಟ್ಟಿಯಲ್ಲಿ ಸಿಗದೆ, ಪದಕವೂ ಬಿಲ್ಲೆಯೂ ಕೈಯಲ್ಲಿದ್ದರೆ, ಅವುಗಳ ಫೋಟೋ ಸಹಿತ ಕಮಿಷನ್ನಿಗೆ ಬರೆಯಿರಿ. ಬಿಟ್ಟುಹೋದ ಹೆಸರುಗಳನ್ನು ಸೇರಿಸುವ ಕೆಲಸವನ್ನು ಅವರು ಮಾಡುತ್ತಿದ್ದಾರೆ.

ಪದಕದ ಅಂಚಿನಲ್ಲಿ 103, 110 ಅಥವಾ 117 ಇದ್ದರೆ ಇನ್ನೊಂದು ಸಾಧ್ಯತೆಯನ್ನು ನೋಡಬೇಕು. ಈ ಮೂರೂ ಪಲ್ಟನ್ನುಗಳು ಮೆಸೊಪೊಟೇಮಿಯಾದ ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದವು. 1915ರ ಡಿಸೆಂಬರಿನಲ್ಲಿ ಆರಂಭವಾದ ಮುತ್ತಿಗೆ 1916ರ ಏಪ್ರಿಲ್ 29ರಂದು ಶರಣಾಗತಿಯಲ್ಲಿ ಮುಗಿದಾಗ ಸುಮಾರು 13 ಸಾವಿರ ಮಂದಿ ತುರ್ಕರ ಸೆರೆಯಾದರು, ಹಸಿದ ಮೈಯಲ್ಲೇ ಮರುಭೂಮಿಯನ್ನು ನಡೆದು ದಾಟಿದರು. ಅನೇಕ ಸಿಪಾಯಿಗಳನ್ನು ರಾಸ್ ಅಲ್ ಐನ್ ಬಳಿಯ ರೈಲುಹಾದಿಯ ಕೆಲಸಕ್ಕೆ ಹಚ್ಚಿದರು. ಸಾವಿನ ದಿನಾಂಕ 1916ರ ಮೇ ತಿಂಗಳ ನಂತರದ್ದಾಗಿದ್ದರೆ ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸೆರೆಯಾಳುಗಳ ದಾಖಲೆಯನ್ನು ನೋಡಿ. ಮೊದಲ ಯುದ್ಧದ ಚೀಟಿಗಳೆಲ್ಲ ಅಂತರಜಾಲದಲ್ಲಿ ಉಚಿತವಾಗಿವೆ.

ಪ್ರಶ್ನೆ: ನನ್ನ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು, ಈಗಿನ ಇಸ್ರೇಲಿನ ಹೈಫಾ ಪಟ್ಟಣದ ಕಾಳಗದಲ್ಲಿದ್ದರು, ಕ್ಷೇಮವಾಗಿ ಹಿಂದಿರುಗಿದರು. ಕಾಗದಪತ್ರ ಒಂದೂ ಉಳಿದಿಲ್ಲ. ವಿದೇಶದ ದಫ್ತರಖಾನೆಯೊಂದಕ್ಕೆ ಬರೆದಾಗ ಅಂಥ ಹೆಸರಿಲ್ಲ ಎಂದಷ್ಟೇ ಉತ್ತರ ಬಂತು. ಅವರು ಹೋಗಿಯೇ ಇರಲಿಲ್ಲವೇ?
— ಮೈಸೂರಿನ ಓದುಗರು

ಉತ್ತರ: ಆ ಉತ್ತರದಿಂದ ಹಾಗೆ ತಿಳಿಯಬೇಕಾಗಿಲ್ಲ. ನಿಮ್ಮ ಮುತ್ತಜ್ಜ ಬ್ರಿಟಿಷ್ ಭಾರತದ ಸೈನ್ಯದ ಆಳಾಗಿರಲಿಲ್ಲ, ಮೈಸೂರು ಮಹಾರಾಜರ ಸವಾರರಾಗಿದ್ದರು. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ ಸಾಮ್ರಾಜ್ಯದ ಸೇವೆಗೆ ಕೊಡುತ್ತಿದ್ದ ಇಂಥ ಪಡೆಗಳಿಗೆ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಎಂಬ ಹೆಸರಿತ್ತು. ಸೇರ್ಪಡೆ, ಸಂಬಳ, ಪಿಂಚಣಿ ಎಲ್ಲವೂ ಸಂಸ್ಥಾನದ ಲೆಕ್ಕ. ಆದುದರಿಂದ ಒಬ್ಬ ಸವಾರನ ಹೆಸರು ಇಂಗ್ಲೆಂಡಿನಲ್ಲಿ ಇಲ್ಲದಿರುವುದು ಸಹಜ, ಹುಡುಕಾಟ ಆರಂಭವಾಗಬೇಕಾದದ್ದು ಮನೆಯ ಹತ್ತಿರ. ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲೂ ನಿಮ್ಮೂರಿನ ವಿಭಾಗೀಯ ಪತ್ರಾಗಾರದಲ್ಲೂ ಮೈಸೂರು ಸರ್ಕಾರದ ಹಳೆಯ ಕಡತಗಳಿವೆ. ಹುಡುಕಾಟದ ಪಟ್ಟಿಯಲ್ಲಿ ಹೆಸರನ್ನು ನೋಡಬೇಡಿ, ಮಿಲಿಟರಿ ಇಲಾಖೆ, ಪಿಂಚಣಿ, ಇನಾಮು, ಯುದ್ಧಸೇವೆಗೆ ಜಮೀನು ಎಂಬ ವಿಷಯಗಳನ್ನು ನೋಡಿ. ಮನೆಯ ಹೊಲ ‘ಪಲ್ಟನ್ನಿನವರಿಗೆ ಕೊಟ್ಟದ್ದು’ ಎಂಬ ಮಾತು ನಿಮ್ಮಲ್ಲಿದ್ದರೆ ಆ ಸರ್ವೆ ನಂಬರಿನ ಮಂಜೂರಾತಿ ಆದೇಶವೇ ನಿಮಗೆ ಸಿಗಬಹುದಾದ ಅತ್ಯುತ್ತಮ ದಾಖಲೆ.

ಪಡೆಯ ಕಥೆ ಮಾತ್ರ ಇಂಗ್ಲೆಂಡಿನಲ್ಲಿದೆ. ಯುದ್ಧಭೂಮಿಗೆ ಹೋದ ಪ್ರತಿಯೊಂದು ಪಡೆಯೂ ದಿನದಿನದ ವರದಿ ಬರೆದಿಡಬೇಕೆಂಬ ನಿಯಮವಿತ್ತು. ವಾರ್ ಡೈರಿ ಎಂಬ ಈ ಯುದ್ಧದಿನಚರಿಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಡಬ್ಲ್ಯೂಓ 95’ ಎಂಬ ಶ್ರೇಣಿಯಲ್ಲಿವೆ. ಮೈಸೂರು, ಜೋಧಪುರ, ಹೈದರಾಬಾದುಗಳ ಲ್ಯಾನ್ಸರ್ ಪಡೆಗಳು ಒಂದೇ ಬ್ರಿಗೇಡಿನಲ್ಲಿದ್ದವು. 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹುಡುಕಿ, ಆದರೆ 15 ಎಂಬ ಸಂಖ್ಯೆ ಬಂದದ್ದು 1918ರಲ್ಲಿ, ಅದಕ್ಕೆ ಹಿಂದಿನ ಪುಟಗಳಲ್ಲಿ ಸಂಖ್ಯೆಯಿಲ್ಲದ ಹೆಸರಿದೆ.

ದಿನಚರಿಯ ಪುಟ ಹೇಗಿರುತ್ತದೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಎಡಕ್ಕೆ ಸ್ಥಳ, ದಿನಾಂಕ, ಗಂಟೆ ಎಂಬ ಮೂರು ಕಿರಿದಾದ ಅಂಕಣಗಳು, ನಡುವೆ ಘಟನೆಗಳ ವಿವರಕ್ಕೆ ಅಗಲವಾದ ಜಾಗ, ಬಲಕ್ಕೆ ಷರಾ. ಪೆನ್ಸಿಲ್ಲಿನ ಅವಸರದ ಬರಹ. ಕುದುರೆಗಳಿಗೆ ನೀರು ಸಿಕ್ಕಿತೋ ಇಲ್ಲವೋ ಎಂಬುದು ಎಷ್ಟೋ ದಿನ ಮುಖ್ಯ ಸುದ್ದಿ. ಅಧಿಕಾರಿಗಳಿಗೆ ಹೆಸರಿರುತ್ತದೆ, ಸವಾರರು ‘ಓ.ಆರ್.’ ಎಂಬ ಎರಡಕ್ಷರದೊಳಗೆ, ಅಂದರೆ ‘ಇತರ ದರ್ಜೆಯವರು’ ಎಂಬ ಲೆಕ್ಕದೊಳಗೆ ಸೇರಿಹೋಗುತ್ತಾರೆ. ಇಬ್ಬರು ಓ.ಆರ್. ಗಾಯಗೊಂಡರು, ಇಷ್ಟೇ. ಆ ಇಬ್ಬರಲ್ಲಿ ನಿಮ್ಮವರು ಒಬ್ಬರೇ ಎಂದು ದಿನಚರಿ ಹೇಳುವುದಿಲ್ಲ, ಆದರೆ ಆ ದಿನ ಅವರು ಎಲ್ಲಿ ಮಲಗಿದರು, ಎಷ್ಟು ಮೈಲಿ ಸವಾರಿ ಮಾಡಿದರು, ಯಾವ ಹಳ್ಳವನ್ನು ದಾಟಿದರು ಎಂಬುದನ್ನು ಹೇಳುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರು ಹೈಫಾ ಪಟ್ಟಣದ ಮೇಲೆ ನೇರವಾಗಿ ನುಗ್ಗಿದಾಗ ಮೈಸೂರಿನವರಲ್ಲಿ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಮಗ್ಗುಲನ್ನು ಹತ್ತಿ ಮೇಲಿನ ಫಿರಂಗಿಗಳ ಮೇಲೆ ಎರಗಿತು. ಸಂಜೆಯ ಹೊತ್ತಿಗೆ ಎದುರಾಳಿ ಪಡೆಯ 1,350 ಮಂದಿ ಸೆರೆಯಾಗಿದ್ದರು. ಆದುದರಿಂದ ಮುತ್ತಜ್ಜ ಯಾವ ಸ್ಕ್ವಾಡ್ರನ್ನಿನಲ್ಲಿದ್ದರು ಎಂಬುದು ತಿಳಿದರೆ, ಅವರು ಬೆಟ್ಟ ಹತ್ತಿದವರೋ ಬಯಲಿನಲ್ಲಿದ್ದವರೋ ಎಂಬುದೂ ತಿಳಿದಂತೆಯೇ.

ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವೂ ದೆಹಲಿಯ ತೀನ್ ಮೂರ್ತಿ ಸ್ಮಾರಕವೂ ಮಡಿದವರ ನೆನಪಿಗಾಗಿ ನಿಂತವು. ನಿಮ್ಮ ಮುತ್ತಜ್ಜನ ಹೆಸರು ಅಲ್ಲಿಲ್ಲವೆಂದರೆ ಅವರು ಮನೆಗೆ ಬಂದರೆಂದೇ ಅರ್ಥ.

ಪ್ರಶ್ನೆ: ನನ್ನ ತಾತ ಎರಡನೆಯ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರಿಂಗ್ ಪಡೆಯಲ್ಲಿದ್ದು ಬರ್ಮಾದಿಂದ ಬಂದ ಮೇಲೆ 1946ರಲ್ಲಿ ಬಿಡುಗಡೆಯಾದರು. ಪಿಂಚಣಿ ಇರಲಿಲ್ಲ. ನಕ್ಷತ್ರಾಕಾರದ ಪದಕದ ಹಿಂದೆ ಒಂದು ನಂಬರಿದೆ. ಅವರ ಸೇವಾ ಪುಸ್ತಕ ಸಿಗುವುದೇ?
— ಕೋಲಾರ ಜಿಲ್ಲೆಯ ಓದುಗರು

ಉತ್ತರ: ಸೇವಾ ಪುಸ್ತಕ ಪೂರ್ತಿಯಾಗಿ ಸಿಗುವ ಆಸೆಯನ್ನು ನಾನು ಹುಟ್ಟಿಸಲಾರೆ. ಸೈನ್ಯದ ನಿಯಮದಂತೆ, ಪಿಂಚಣಿಯಿಲ್ಲದೆ ಬಿಡುಗಡೆಯಾದ ಸಿಪಾಯಿಯ ‘ಶೀಟ್ ರೋಲ್’ ಎಂಬ ಸೇವಾ ವಿವರವನ್ನು 25 ವರ್ಷಗಳ ನಂತರ ನಾಶ ಮಾಡುತ್ತಾರೆ. ಆದರೆ ‘ಲಾಂಗ್ ರೋಲ್’ ಎಂಬ ದೊಡ್ಡ ರಿಜಿಸ್ಟರನ್ನು ಶಾಶ್ವತವಾಗಿ ಇಡುತ್ತಾರೆ. ಅದರಲ್ಲಿ ಪ್ರತಿಯೊಬ್ಬರಿಗೆ ಒಂದೇ ಸಾಲು: ನಂಬರು, ಹೆಸರು, ಸೇರಿದ ದಿನ, ಬಿಡುಗಡೆಯ ದಿನ, ಬಿಡುಗಡೆಗೆ ಕಾರಣ. ಎಪ್ಪತ್ತೆಂಬತ್ತು ವರ್ಷಗಳ ಮೇಲೆ ಆ ಒಂದು ಸಾಲು ಕೈಗೆ ಬಂದಾಗ ಅದು ಚಿಕ್ಕದೆನಿಸುವುದಿಲ್ಲ.

ಇದನ್ನು ಕೇಳಬೇಕಾದದ್ದು ದೆಹಲಿಯನ್ನಲ್ಲ, ಪಡೆಯ ರೆಕಾರ್ಡ್ ಆಫೀಸನ್ನು. ಮದ್ರಾಸ್ ಸ್ಯಾಪರ್ಸ್ ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್, ಅದರ ಕೇಂದ್ರವೂ ದಫ್ತರವೂ ಬೆಂಗಳೂರಿನಲ್ಲೇ ಇವೆ. ಮರಾಠಾದವರು ಬೆಳಗಾವಿಗೆ, ತೋಪಖಾನೆಯವರು ನಾಸಿಕಕ್ಕೆ, ಸಿಗ್ನಲ್ಸ್‌ನವರು ಜಬಲ್ಪುರಕ್ಕೆ ಬರೆಯಬೇಕು. ಮೊದಲು ಸಾಧಾರಣ ಕಾಗದ ಬರೆಯಿರಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ‘ನನ್ನ ತಾತನ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಒಂದೇ ಪದ ಬರುವ ಸಂಭವ ಹೆಚ್ಚು. ನಂಬರನ್ನು ಕಾಣಿಸಿ, ಲಾಂಗ್ ರೋಲಿನ ಆ ನಮೂದಿನ ನಕಲು ಬೇಕೆಂದು ಖಚಿತವಾಗಿ ಕೇಳಿ. ಬೇರೆಯವರ ಖಾಸಗಿ ವಿವರವೆಂದು ತಳ್ಳಿಹಾಕದಂತೆ ತಾತನ ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷದ ಪ್ರಮಾಣಪತ್ರವನ್ನೂ ಲಗತ್ತಿಸಿ. ನಂಬರನ್ನು ಪದಕದಿಂದ ಬರೆದುಕೊಳ್ಳುವಾಗ ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಿ. 3 ಮತ್ತು 8, 1 ಮತ್ತು 7 ಸವೆದ ಲೋಹದ ಮೇಲೆ ಒಂದೇ ರೀತಿ ಕಾಣುತ್ತವೆ.

ಆ ನಕ್ಷತ್ರದ ಮೇಲೆ ಏನು ಬರೆದಿದೆಯೆಂಬುದನ್ನೂ ನೋಡಿ. ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಬರ್ಮಾ ಸ್ಟಾರ್ ಎಂದು ರಣರಂಗಕ್ಕೊಂದು ನಕ್ಷತ್ರವಿತ್ತು. ‘1939–45’ ಎಂದು ಮಾತ್ರವಿದ್ದರೆ ಅದು ಯಾವ ರಣರಂಗವೆಂದು ಹೇಳುವುದಿಲ್ಲ.

ಸ್ಯಾಪರ್ಸ್‌ನವರ ವಿಷಯದಲ್ಲಿ ಪಡೆಯ ಹೆಸರೂ ಸಾಲದು, ಕಂಪನಿಯ ಸಂಖ್ಯೆ ಬೇಕು. ಅವರು ಒಂದೇ ಪಲ್ಟನ್ನಾಗಿ ಹೋರಾಡಲಿಲ್ಲ, ಕಂಪನಿ ಕಂಪನಿಯಾಗಿ ಬೇರೆ ಬೇರೆ ಡಿವಿಜನ್ನುಗಳಿಗೆ ಹಂಚಿಹೋಗಿದ್ದರು. ಒಂದು ಕಂಪನಿ ಬರ್ಮಾದ ಐರಾವತಿ ನದಿಗೆ ಸೇತುವೆ ಹಾಕುತ್ತಿದ್ದರೆ ಇನ್ನೊಂದು ಇಟಲಿಯಲ್ಲಿ ನೆಲಬಾಂಬು ತೆಗೆಯುತ್ತಿತ್ತು. ಬರ್ಮಾ ರಣರಂಗದ ದಿನಚರಿಗಳು ಕ್ಯೂನಲ್ಲಿ ‘ಡಬ್ಲ್ಯೂಓ 172’ ಶ್ರೇಣಿಯಲ್ಲಿವೆ. ಭಾರತದಲ್ಲಿ ಇಂಥ ಕಡತಗಳನ್ನು ನೋಡಿಕೊಂಡು ಬಂದದ್ದು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ. 25 ವರ್ಷ ದಾಟಿದ ದಾಖಲೆಗಳನ್ನು ಪರಿಶೀಲಿಸಿ ರಾಷ್ಟ್ರೀಯ ಅಭಿಲೇಖಾಗಾರಕ್ಕೆ ವರ್ಗಾಯಿಸುವ ನೀತಿಯೊಂದನ್ನು 2021ರಲ್ಲಿ ಸಚಿವಾಲಯ ಹೊರಡಿಸಿದೆ.

ತಾತನಿಗೆ ಶೌರ್ಯ ಪದಕವೇನಾದರೂ ಬಂದಿದ್ದರೆ ಕೆಲಸ ಬಹಳ ಸುಲಭ, ಏಕೆಂದರೆ ಶಿಫಾರಸಿನ ಹಾಳೆಯಲ್ಲಿ ಸಿಪಾಯಿಯೂ ಹೆಸರಿನ ಮನುಷ್ಯನಾಗುತ್ತಾನೆ. ಅದೇ ಮದ್ರಾಸ್ ಸ್ಯಾಪರ್ಸ್‌ನ 11ನೇ ಫೀಲ್ಡ್ ಪಾರ್ಕ್ ಕಂಪನಿಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಬಳಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರೆಂಬುದು, ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಪಡೆದ ಅವರ ಬಗ್ಗೆ ಅಧಿಕಾರಿಗಳು ಹೀಗೆ ಬರೆದಿಟ್ಟದ್ದರಿಂದಲೇ ನಮಗೆ ಗೊತ್ತು.

ಪ್ರಶ್ನೆ: ಮೊದಲ ಯುದ್ಧದ ಭಾರತೀಯ ಸಿಪಾಯಿಗಳ ಕಾಗದಗಳು ಲಂಡನ್ನಿನಲ್ಲಿವೆಯೆಂದು ಓದಿದೆ. ನಮ್ಮ ಅಜ್ಜ ಬರೆದ ಕಾಗದ ಅಲ್ಲಿರಬಹುದೇ?
— ಧಾರವಾಡದ ಓದುಗರು

ಉತ್ತರ: ಬ್ರಿಟಿಷ್ ಲೈಬ್ರರಿಯಲ್ಲಿರುವುದು ಮೂಲ ಕಾಗದಗಳಲ್ಲ, ಅಂಚೆ ಪರಿಶೀಲಿಸುತ್ತಿದ್ದ ಸೆನ್ಸಾರ್ ಕಚೇರಿ ಆರಿಸಿ ಇಂಗ್ಲಿಷಿಗೆ ಮಾಡಿಸಿದ ಆಯ್ದ ಭಾಗಗಳು. ಅವು ಮುಖ್ಯವಾಗಿ ಫ್ರಾನ್ಸಿನಲ್ಲಿದ್ದ ಮತ್ತು ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದ ಸಿಪಾಯಿಗಳವು. ನಮ್ಮ ಕಡೆಯವರು ಹೆಚ್ಚಾಗಿ ಹೋದದ್ದು ಮೆಸೊಪೊಟೇಮಿಯಾ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿಗೆ, ಆದುದರಿಂದ ಅಜ್ಜನ ಕಾಗದ ಅಲ್ಲಿರುವ ಸಾಧ್ಯತೆ ಬಹಳ ಕಡಿಮೆ. ಆ ವರದಿಗಳನ್ನು ಆ ಕಾಲದ ಸಿಪಾಯಿಯ ಮನಸ್ಸು ತಿಳಿಯಲು ಓದಿ, ಅಜ್ಜನನ್ನು ಹುಡುಕಲು ಬೇಡ.

ಅದಕ್ಕಿಂತ ಮೊದಲು ಮನೆಯ ಅಟ್ಟವನ್ನು ನೋಡಿ. ಅಜ್ಜ ಕಳುಹಿಸಿದ ಒಂದೇ ಒಂದು ಕಾರ್ಡು ಉಳಿದಿದ್ದರೂ ಅದರ ಒಕ್ಕಣೆಯನ್ನು ಓದಿದ ಮೇಲೆ ವಿಳಾಸದ ಬದಿಯ ದುಂಡನೆಯ ಅಂಚೆಮುದ್ರೆಯನ್ನು ಭೂತಗನ್ನಡಿಯಲ್ಲಿ ಓದಿ. ‘ಎಫ್.ಪಿ.ಓ.’, ಅಂದರೆ ಫೀಲ್ಡ್ ಪೋಸ್ಟ್ ಆಫೀಸ್, ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ದಿನಾಂಕವೂ ಇರುತ್ತವೆ. ಎಲ್ಲಿದ್ದೇನೆಂದು ಬರೆಯಲು ಸಿಪಾಯಿಗೆ ಅನುಮತಿ ಇರಲಿಲ್ಲ, ಆದರೆ ಯಾವ ಸಂಖ್ಯೆಯ ರಣರಂಗದ ಅಂಚೆಕಚೇರಿ ಯಾವ ತಿಂಗಳು ಎಲ್ಲಿತ್ತೆಂಬ ಪಟ್ಟಿಗಳನ್ನು ಅಂಚೆಚೀಟಿ ಸಂಗ್ರಾಹಕರು ಬಹಳ ಶ್ರಮದಿಂದ ಸಿದ್ಧಪಡಿಸಿದ್ದಾರೆ. ಆ ಮುದ್ರೆಯ ಸ್ಪಷ್ಟವಾದ ಫೋಟೋವನ್ನು ಈ ಅಂಕಣಕ್ಕೆ ಕಳುಹಿಸಿದರೆ ಸಂಖ್ಯೆಯನ್ನು ಓದಲು ನಾನೂ ಜೊತೆಗೆ ಕೂರುತ್ತೇನೆ.